ಆದಿ ಕೈಲಾಸದ ಪರ್ಮಿಟ್ ನಾವ ಮಾಡಿಸೂದೋ, ಏಜೆಂಟರಿಗೆ ಬಿಡೂದೋ? ಹೋಗಿ ಬಂದವರು ಹೇಳ್ರಿ

ಬೆಟಗೇರಿಯಾಕಿ (ಕೇಳಿದವರು):
ಸೆಪ್ಟೆಂಬರ್ ಕಡೀಕ ಉತ್ತರಾಖಂಡದ ಆದಿ ಕೈಲಾಸ, ಓಂ ಪರ್ವತಕ್ಕ ಹೊಂಟೇವಿ. ನಾನು, ನಮ್ಮ ಮನಿಯವರು, ನಮ್ಮವ್ವ. ಅವ್ವಗ 66, ಬಿಪಿ ಗುಳಿಗಿ ನಡದಾವ. ಗಡಿ ಭಾಗಕ್ಕ ಹೋಗಾಕ ಬೇಕಾಗೂ ಇನ್ನರ್ ಲೈನ್ ಪರ್ಮಿಟ್ ಧಾರ್ಚುಲಾಕ್ಕ ಹೋಗಿ ನಾವ ಮಾಡಿಸಿದ್ರ ಆಗ್ತೈತೋ, ಇಲ್ಲೇ ಏಜೆಂಟರ ಕೈಯಾಗ ಕೊಟ್ಟು ಬಿಡೂದು ಚಲೋನೋ? ಬಿಪಿ ಇದ್ದವರಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡ್ತಾರೇನು?

ಸಪ್ತಾಪುರ ನಿವೃತ್ತ:
ಸ್ವತಃ ಮಾಡಿಸ್ರಿ. ಏಜೆಂಟರಿಗೆ ಕೊಟ್ರ ನಿಮ್ಮ ಆಧಾರ್ ಯಾರ್ಯಾರ ವಾಟ್ಸಾಪಿನಾಗ ತಿರಗತದೋ ದೇವರಿಗೇ ಗೊತ್ತು. ನಾನೂ ನಮ್ಮಾಕಿನೂ ಮೇ ತಿಂಗಳಾಗ ಹೋಗಿದ್ವಿ. ಹುಬ್ಬಳ್ಳಿಯಿಂದ ಸಂಪರ್ಕ ಕ್ರಾಂತಿ, ಹಳೇ ದಿಲ್ಲಿಯಿಂದ ರಾತ್ರಿ ರಾಣಿಖೇತ್ ಎಕ್ಸ್‌ಪ್ರೆಸ್ಸಿಗೆ ಕಾಠಗೋದಾಮ, ಮುಂದ ಶೇರ್ ಜೀಪು. ಪಿಥೋರಾಗಢದಾಗ ಒಂದು ರಾತ್ರಿ ಇದ್ದು ಧಾರ್ಚುಲಾ ಮುಟ್ಟಿದ್ದು ಶನಿವಾರ ಸಂಜೀಕೆ. ಅಲ್ಲೇ ನಾ ತಪ್ಪಿದ್ದು. ರವಿವಾರ ಸೂಟಿ, ಸೋಮವಾರ ಸರ್ಕಾರಿ ರಜಾ. ಕಾಳಿ ನದಿ ಸಪ್ಪಳ ಕೇಳಕೋತ ಲಾಡ್ಜಿನಾಗ ಬಿದ್ದುಕೊಂಡಿದ್ವಿ.

ಮಂಗಳವಾರ ಹತ್ತಕ್ಕ ಆಫೀಸಿಗೆ ಓಡಿದೆ, ಇನ್ನೂ ಬಾಗಿಲಾ ತಗದಿದ್ದಿಲ್ಲ. ಸಿಟ್ಟು ಬಂತು. ಆಮ್ಯಾಲ ತಿಳೀತು, ನನ್ನ ಫೋನು ಆಚೀ ದಂಡಿಯ ನೇಪಾಳದ ಟವರ್ ಹಿಡದು ಹದಿನೈದು ನಿಮಿಷ ಮುಂದ ಓಡಲಿಕ್ಕೆ ಹತ್ತಿತ್ತು. ಅವರ ವೇಳ್ಯಾನ ಬ್ಯಾರೆ! ಅಲ್ಲಿ ರೋಮಿಂಗ್ ಬಂದ್ ಮಾಡಿ ಇಟಗೋರಿ, ನನಗ 640 ರೂಪಾಯಿ ಬಿಲ್ ಬಂತು.

ಕಾಗದ ಯಾವ್ಯಾವು ಅಂತ ಎಲ್ಲಾರಿಗೂ ಗೊತ್ತದ, ಹೇಳೂದಿಲ್ಲ. ಆದ್ರ ಒಂದು ಮಾತು. ನಮ್ಮ ಪೊಲೀಸ್ ವೆರಿಫಿಕೇಶನ್ ಪತ್ರ ಅಚ್ಚ ಕನ್ನಡದಾಗ ಇತ್ತು. ಅಲ್ಲಿಯ ಕಾರಕೂನ ಪಾಪ ಅದನ್ನ ಅಡ್ಡ ಹಿಡದು ನೋಡಿದ, ಉದ್ದ ಹಿಡದು ನೋಡಿದ, ಕಡೀಕ ಶಿಕ್ಕಾದ ಮ್ಯಾಲ ಬೆರಳು ಸವರಿ ನನ್ನ ಮಾರಿ ನೋಡಿದ. ಹೊರಗ ಟೈಪ್ ಮಾಡಾವನ ಕಡೆ ಹಿಂದಿಯೊಳಗ ಇನ್ನೊಂದು ಅಫಿಡವಿಟ್ ಮಾಡಿಸಬೇಕಾತು. ಅವತ್ತ ಸಂಜೀಕೆ ಪರ್ಮಿಟ್ ಕೈಯಾಗ.

ಇಬ್ಬರ ಲೆಕ್ಕ: ಝೆರಾಕ್ಸ್ 84, ಫೋಟೋ 120, ಛಾಪಾ ಕಾಗದ ಮತ್ತ ನೋಟರಿ 500, ಡಾಕ್ಟರ್ 400, ಇಸಿಜಿ 300, ಹಿಂದಿ ಟೈಪಿಂಗ್ 150, ಹೆಚ್ಚಿಗಿ ಬಿದ್ದ ಮೂರು ರಾತ್ರಿ ಲಾಡ್ಜು 3,600. ಒಟ್ಟು 5,154. ಏಜೆಂಟರು ಇದಕ್ಕ ಎಷ್ಟು ಕೇಳತಾರ ಕೇಳ್ರಿ.

ಹುಬ್ಬಳ್ಳಿ ಬುಲೆಟ್:
ಸರ, ಮೂರು ದಿನ ಉಪಾಸ ಇದ್ರೇನು? ಊಟದ ಲೆಕ್ಕ ಎಲ್ಲೆ? ರೋಮಿಂಗ್ 640 ಎಲ್ಲೆ? 😄

ಅಕ್ಕಾರ, ಇಷ್ಟೆಲ್ಲಾ ಒದ್ದಾಟ ಯಾಕ? ಲಡಾಖಕ್ಕ ಹೋಗ್ರಿ. ನಮ್ಮ ದೇಶದವರಿಗೆ ಅಲ್ಲಿ 2021ರಿಂದ ಇನ್ನರ್ ಲೈನ್ ಪರ್ಮಿಟ್ಟ ಇಲ್ಲ. ನಾ ಹೋದಾಗ 400 ರೂಪಾಯಿ ಪರಿಸರ ಶುಲ್ಕ ಇತ್ತು, ಮ್ಯಾಲ ಸಣ್ಣಪುಟ್ಟ ಏನರ. ನಾನು ಹಾನ್ಲೆ ದಾಟಿ ಉಮ್ಲಿಂಗ್ ಲಾ ತನಕ ಗಾಡಿ ಹೊಡದೇನಿ, 19,024 ಅಡಿ. ತಪ್ಪಾಗಿದ್ದು ಒಂದ, ಪ್ರೀಪೇಡ್ ಸಿಮ್ ಒಯ್ದೆ. ಹೊರಗಿನ ಪ್ರೀಪೇಡ್ ಅಲ್ಲಿ ನಡೆಯಂಗಿಲ್ಲ. ನಾಕು ದಿನ ಫೋನ್ ಹತ್ತಲಿಲ್ಲ ಅಂತ ನಮ್ಮವ್ವ ಸಿದ್ಧಾರೂಢರ ಮಠಕ್ಕ ಹರಕಿ ಹೊತ್ತಾಳ, ಅದನ್ನ ತೀರಸಾಕ ಪರಿಸರ ಶುಲ್ಕದ ಹತ್ತು ಪಟ್ಟು ಖರ್ಚಾತು.

ಸಪ್ತಾಪುರ ನಿವೃತ್ತ:
ಅವರು ಕೇಳಿದ್ದು ಆದಿ ಕೈಲಾಸ. ನಿಮ್ಮ ಗಾಡಿ ಕಥಿ ಅಲ್ಲ. ಊಟ ಧಾರವಾಡದಾಗ ಇದ್ರೂ ಮಾಡತೀವಿ, ಅದಕ್ಕ ಲೆಕ್ಕಕ್ಕ ಹಿಡದಿಲ್ಲ.

ಹುಬ್ಬಳ್ಳಿ ಬುಲೆಟ್:
ಧಾರವಾಡದಾಗ ಪೇಢೆ ಡಬ್ಬಿಗೂ ರಸೀದಿ ಇಡ್ತಾರ ಅಂತ ಕೇಳಿದ್ದೆ. ಖರೇ ಐತಿ ಬಿಡ್ರಿ.

ರಾಣೆಬೆನ್ನೂರು ಮೆಣಸಿನಕಾಯಿ:
ನಾನು ಏಜೆಂಟಗ ಕೊಟ್ಟಾವ. ತಲೀಗೆ 48,000ದಂಗ ನಾಕು ಮಂದಿಗೆ 1,92,000. ಹೆಸರು ಹೇಳಂಗಿಲ್ಲ, ಹೇಳಿದ್ರ ಇಲ್ಲೂ ಬಂದು ಜಗಳಾ ತಗೀತಾನ. ಎಲ್ಲಾ ನಾನ ನೋಡಕೊಂತೀನಿ, ನೀವು ಸ್ವೆಟರ್ ಒಂದ ತಗೊಂಡ ಬರ್ರಿ ಅಂದಿದ್ದ.

ಧಾರ್ಚುಲಾ ಬಿಟ್ಟು, ತವಾಘಾಟ ದಾಟಿ, ಮಾಲ್ಪಾ ದಾಟಿ, ಬೂಧಿಯಿಂದ ಸುತ್ತಬಳಸಿ ಮ್ಯಾಲ ಏರಿದ್ರ ಛಿಯಾಲೇಖ. ಅಲ್ಲಿ ಪರ್ಮಿಟ್ ನೋಡ್ತಾರ. ಜವಾನ ಒಂದೊಂದ ಹೆಸರಿನ ಮ್ಯಾಲ ಬೆರಳು ಇಟ್ಟು, ಆಧಾರ್ ನೋಡಿ, ಮಾರಿ ನೋಡಿ ಬಿಡಾಕತ್ತಿದ್ದ. ನನ್ನ ಹೇಣ್ತಿ ಹೆಸರಿಗೆ ಬಂದಾಗ ಬೆರಳು ನಿಂತಬಿಟ್ಟಿತು. ಆಧಾರದಾಗ ತವರಮನಿ ಅಡ್ಡಹೆಸರು, ಪರ್ಮಿಟ್ಟಿನಾಗ ನನ್ನ ಅಡ್ಡಹೆಸರು, ಮ್ಯಾಲ ನಂಬರಿನಾಗ ಎರಡು ಅಂಕಿ ಅದಲುಬದಲು. ಆ ಹುಡುಗ ನಮ್ಮ ಮಾತು ಕೇಳಿ ಕನ್ನಡದಾಗ ಅಂದ, "ಅಕ್ಕಾರ, ನಾ ಬೈಲಹೊಂಗಲದಾವ. ಆದ್ರ ಬಿಡಾಕ ಬರಂಗಿಲ್ರಿ." ಬೈಯಾಕೂ ಬಾಯಿ ಬರಲಿಲ್ಲ, ನಮ್ಮ ಹುಡುಗ.

ಉಳಿದ ಇಬ್ಬರು, ತಮ್ಮ ಮತ್ತ ಅವನ ಹೇಣ್ತಿ, ಮುಂದ ಹೋದ್ರು. ನಾ ಹೇಣ್ತಿ ಕೂಡ ಕೆಳಗ ಬೂಧಿಗೆ ಇಳದು ಬಂದೆ. (ಊರ ಹೆಸರು ಬೂಧಿ. ನಮ್ಮ ರೊಕ್ಕ ಆಗಿದ್ದೂ ಅದ.) ಮೂರು ದಿನ ಒಬ್ಬರ ಮನಿಯಾಗ ಉಳಕೊಂಡ್ವಿ. ದಿನಕ್ಕ ಊಟ ಸೇರಿ ಇಬ್ಬರಿಗೆ 1,800. ಊರಿಗೆ ಬಂದು ಏಜೆಂಟನ್ನ ಕೇಳಿದ್ರ, "ಪರ್ಮಿಟ್ ಕೊಟ್ಟೇನಲ್ರಿ" ಅಂದ. ಒಂದು ಪೈಸಾ ವಾಪಸ್ ಬರಲಿಲ್ಲ.

ವಿದ್ಯಾನಗರ ಅಕ್ಕ:
ನಿಮ್ಮ ಪರ್ಮಿಟ್ ಕೊನೇಪಕ್ಷ ಕೈಗೆ ಬಂತು. ನಾವು ಉತ್ತರ ಸಿಕ್ಕಿಂ, ಗುರುಡೋಂಗ್ಮಾರ್ ಸರೋವರಕ್ಕೆ 2023ರ ಅಕ್ಟೋಬರ್ 10ಕ್ಕೆ ಬುಕ್ ಮಾಡಿದ್ದೆವು. ಅಲ್ಲಿ ಪರ್ಮಿಟ್ಟನ್ನು ನೋಂದಾಯಿತ ಟೂರ್‌ನವರ ಮೂಲಕವೇ ಮಾಡಿಸಬೇಕು. ನಾನೇ ಮಾಡಿಸ್ತೀನಿ ಅನ್ನೋ ಶೂರತನ ಅಲ್ಲಿ ನಡೆಯೋದಿಲ್ಲ. ಅಕ್ಟೋಬರ್ 4ಕ್ಕೆ ಲ್ಹೋನಕ್ ಸರೋವರ ಒಡೆದು ತೀಸ್ತಾ ನದಿ ಉಕ್ಕಿ, ಚುಂಗ್‌ಥಾಂಗ್‌ದ ಅಣೆಕಟ್ಟೇ ಕೊಚ್ಚಿ ಹೋಯ್ತು. ಅಲ್ಲಿ ಜನ ಸತ್ತಿದ್ದರು, ನಾನು ಇಲ್ಲಿ ಕೂತು 22,000 ಅಡ್ವಾನ್ಸ್ ಕೇಳೋಕೆ ನಾಚಿಕೆ ಆಯ್ತು. ನಾಚಿಕೆ ಆರು ತಿಂಗಳು ಇತ್ತು. ಆಮೇಲೆ ಕೇಳಿದೆ. ಫೋನೇ ಎತ್ತಲಿಲ್ಲ.

ಸಪ್ತಾಪುರ ನಿವೃತ್ತ:
ಶೂರತನ ಅಂದದ್ದು ನನಗ ಏನ್ರಿ?

ವಿದ್ಯಾನಗರ ಅಕ್ಕ:
ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಕೇಶ್ವಾಪುರ ಹುಡುಗ:
ಯಾರೂ ಹೇಳಲಿಲ್ಲ, ಈಗ ಪಿಥೋರಾಗಢ ಜಿಲ್ಲೆಯವರು ಇನ್ನರ್ ಲೈನ್ ಅರ್ಜಿ ಆನ್‌ಲೈನ್ ಮಾಡ್ಯಾರ. ಇಲ್ಲಿಂದ ಕಾಗದ ಏರಿಸಿ ಹೋಗಬಹುದು. ನಾ ಹಂಗ ಮಾಡಿದೆ, ಎರಡು ಸಲ ವಾಪಸ್ ಬಂತು. ಒಮ್ಮೆ ಫೋಟೋ ಸೈಜು, ಒಮ್ಮೆ ಪೊಲೀಸ್ ಪತ್ರದ ಸ್ಕ್ಯಾನ್ ಮಬ್ಬು. ಮೂರನೇ ಸಲ ಆತು. ಅಲ್ಲದ ಕುಮಾವೂಂ ಮಂಡಲ ವಿಕಾಸ ನಿಗಮದ ಪ್ಯಾಕೇಜ್ ತಗೊಂಡ್ರ ಪರ್ಮಿಟ್ ಅವರ ಮಾಡಸ್ತಾರ. ಅದು ಸರ್ಕಾರದ್ದು, ಈ ಏಜೆಂಟ ಗೀಜೆಂಟ ಇಲ್ಲ.

ಸಪ್ತಾಪುರ ನಿವೃತ್ತ:
ನಾ ಹೋದಾಗ ಕೈಯಾಗ ಕೊಟ್ಟ ಮಾಡಿಸೀನಿ. ನಾನು ಸುಳ್ಳು ಹೇಳೂದಿಲ್ಲ.

ಕೇಶ್ವಾಪುರ ಹುಡುಗ:
ಸುಳ್ಳು ಅಂತ ಯಾರಂದ್ರು ಅಜ್ಜಾರ?

ಸಪ್ತಾಪುರ ನಿವೃತ್ತ:
ಅಜ್ಜ ಅಲ್ಲ. 61.

ಹಾವೇರಿ ಕಾಲ್ನಡಿಗೆ:
ನಿಮ್ಮೆಲ್ಲಾರ ಮಾತು ಕೇಳಿ ನಗಿ ಬರತೈತಿ. ನಾನು 2014ರಾಗ ಕೈಲಾಸ ಮಾನಸ ಸರೋವರಕ್ಕ ಇದ ದಾರಿಲೇ ಹೋಗೀನಿ, ಟಿಬೆಟ್ ಗಡಿಯ ಲಿಪುಲೇಖ ದಾಟಿ. ಖರೇ ಕೈಲಾಸ, ಆದಿ ಗೀದಿ ಅಲ್ಲ. ಅವಾಗ ಲಿಪುಲೇಖದ ರಸ್ತೆ ಎಲ್ಲಿತ್ತು? ಅದು ಉದ್ಘಾಟನೆ ಆಗಿದ್ದು 2020ರ ಮೇ ತಿಂಗಳಾಗ. ನಾವು ಗಾಲಾದಿಂದ 4,444 ಮೆಟ್ಟಿಲು ಇಳದೇವಿ. ಮೊಣಕಾಲು ಇವತ್ತಿಗೂ ಎಣಸ್ತಾವ. ಮಾಲ್ಪಾದಾಗ ಕೈ ಮುಗದೇವಿ, 1998ರಾಗ ಅಲ್ಲೇ ಗುಡ್ಡ ಕುಸದು ಯಾತ್ರಿಕರೂ ಸೇರಿ 200ಕ್ಕ ಮಿಕ್ಕಿ ಮಂದಿ ಹೋದ್ರು. ನಮಗ ಪಾಸ್‌ಪೋರ್ಟು, ಲಾಟರಿ, ದಿಲ್ಲಿಯಾಗ ಮೆಡಿಕಲ್ಲು. ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) 25ರ ಮ್ಯಾಲ ಇದ್ರ ಮನಿಗೆ. ಮೂರು ತಿಂಗಳು ಜ್ವಾಳದ ರೊಟ್ಟಿ ಒಂದೊಂದ ಕಮ್ಮಿ ಮಾಡಿ 7 ಕಿಲೋ ಇಳಸಿದ್ದೆ.

ಆದ್ರ ಒಂದ ಹೇಳ್ತೀನಿ. ನಡಕೋತ ಹೋದದ್ದಕ್ಕ ಗುಂಜಿ ಮುಟ್ಟೂದರೊಳಗ ಮೈ ಎತ್ತರಕ್ಕ ಹೊಂದಿತ್ತು. ನೀವು ಜೀಪಿನಾಗ ಒಂದ ದಿನದಾಗ ಸಾವಿರ ಮೀಟರಿನ ಒಳಗಿರೂ ಧಾರ್ಚುಲಾದಿಂದ 3,200 ಮೀಟರಿನ ಗುಂಜಿಗೆ ಹೋಗಿ ಬೀಳ್ತೀರಿ. ಮೈ ಇನ್ನೂ ಧಾರ್ಚುಲಾದಾಗ ಚಾ ಕುಡಿಯಾಕತ್ತಿರತೈತಿ.

ಹುಬ್ಬಳ್ಳಿ ಬುಲೆಟ್:
"ಆದಿ ಗೀದಿ" ಅನಬ್ಯಾಡ್ರಿ ಕಾಕಾ, ಪ್ರಧಾನಮಂತ್ರಿನ 2023ರಾಗ ಅಲ್ಲಿ ಪಾರ್ವತಿ ಕುಂಡದಾಗ ಪೂಜಾ ಮಾಡಿ ಬಂದಾರ.

ಹಾವೇರಿ ಕಾಲ್ನಡಿಗೆ:
ಅವರೇನು 4,444 ಮೆಟ್ಟಿಲು ಇಳದ್ರ?

ರಾಣೆಬೆನ್ನೂರು ಮೆಣಸಿನಕಾಯಿ:
ರಾಜಕಾರಣ ತರಬ್ಯಾಡ್ರಿ, ಕೈ ಮುಗೀತೀನಿ. ನನ್ನ 1,92,000ದ ಬಗ್ಗೆ ಯಾರಿಗರ ವಕೀಲರು ಗೊತ್ತದಾರೇನು?

ಬೆಟಗೇರಿಯಾಕಿ:
ಎಲ್ಲಾರಿಗೂ ಶರಣು. ಆದ್ರ ನಮ್ಮವ್ವನ ಬಿಪಿ ಬಗ್ಗೆ ಒಬ್ಬರೂ ಹೇಳಲಿಲ್ಲಲ್ರಿ.

ಲಕ್ಷ್ಮೇಶ್ವರ ಸೊಸಿ:
ತಂಗಿ, ನಾ ಹೇಳ್ತೀನಿ. ನಮ್ಮತ್ತಿಯವರಿಗೆ ಅವಾಗ 69, ಬಿಪಿ ಹದಿನೈದು ವರ್ಷದ್ದು. ಮೊದಲು ತೋರಿಸಿದ ಡಾಕ್ಟರು 160/95 ನೋಡಿ ಸಹಿ ಮಾಡಾಕ ಒಲ್ಲೆ ಅಂದ್ರು. ಅತ್ತಿಯವರು ಎರಡು ದಿನ ಮಾತು ಬಿಟ್ರು, ನನ್ನ ಕೂಡ, ಡಾಕ್ಟರ ಕೂಡ ಅಲ್ಲ! ಬ್ಯಾರೆ ಕಡೆ ದುಡ್ಡು ಕೊಟ್ಟು ಸಹಿ ಹಾಕಿಸೋಣು ಅಂತ ನಮ್ಮ ಮೈದುನ ಹೊಂಟಿದ್ದ, ನಾ ಬಿಡಲಿಲ್ಲ. ಗುಳಿಗಿ ಬದಲಿ ಮಾಡಿ ಆರು ವಾರ ಬಿಟ್ಟು ಅದ ಡಾಕ್ಟರ ಕಡೆ ಹೋದ್ವಿ. 130/80 ಬಂತು, ಇಸಿಜಿ ತಗಸಿ ಬರದುಕೊಟ್ರು. ಎತ್ತರದಾಗ ತ್ರಾಸ ಆಗಬಾರದು ಅಂದ್ರ ಡೈಮಾಕ್ಸ್ ಗುಳಿಗಿ ತಗೋರಿ ಅಂತ ಎಲ್ಲಾರೂ ಹೇಳ್ತಾರ, ಸಲ್ಫಾ ಅಲರ್ಜಿ ಇದ್ದವರಿಗೆ ಅದು ಆಗಿಬರದ ಇರಬಹುದು, ಡಾಕ್ಟರನ್ನ ಕೇಳಿನ ತಗೋರಿ.

ಗುಂಜಿಯೊಳಗ ಎರಡು ರಾತ್ರಿ ಉಳದ್ವಿ. ಓಂ ಪರ್ವತ ನಾಭಿಢಾಂಗದಿಂದ ಮುಂಜಾನೆ ಸ್ವಚ್ಛ ಕಾಣಿಸ್ತು. ಆದಿ ಕೈಲಾಸ ಕಾಣೂ ಜೋಲಿಂಗಕಾಂಗದಾಗ ಮಾತ್ರ ಅತ್ತಿಯವರ ತುಟಿ ಜಾಂಬಳ ಹಣ್ಣು ತಿಂದವರ ಗತೆ ಆತು, ತಲಿ ಹಿಡಕೊಂಡು ಕುಂತ್ರು. ಪಾರ್ವತಿ ಸರೋವರಕ್ಕ ಇನ್ನೂ ಏರೂದಿತ್ತು. ಡ್ರೈವರ್ ತಾನ ಗಾಡಿ ತಿರಗಿಸಿದ. ಗುಂಜಿಗೆ ಇಳದ ಮ್ಯಾಲ ಚಾ ಕೇಳಿದ್ರು. ಸರೋವರ ನೋಡಲಿಲ್ಲ ಅಂತ ಇವತ್ತಿಗೂ ನನ್ನ ಮ್ಯಾಲ ಸಿಟ್ಟು.

ಸಪ್ತಾಪುರ ನಿವೃತ್ತ:
ಡಾಕ್ಟರ್ ಎಷ್ಟು ತಗೊಂಡ್ರು? ಇಸಿಜಿ ಬ್ಯಾರೆನೋ, ಸೇರಿನೋ?

ಲಕ್ಷ್ಮೇಶ್ವರ ಸೊಸಿ:
ನೆನಪಿಲ್ರಿ ಸರ.

ಬೆಟಗೇರಿಯಾಕಿ:
ಲಕ್ಷ್ಮೇಶ್ವರದಕ್ಕಾ, ನಾಳೆ ಡಾಕ್ಟರ್ ಕಡೆ ಹೊಂಟೇವಿ. ಗುಂಜಿಯೊಳಗ ಎರಡು ರಾತ್ರಿ ಅಂತ ಬರಕೊಂಡೇನಿ. ಪೊಲೀಸ್ ಪತ್ರಕ್ಕ ಮುಂಜಾನೆ ಸೇವಾ ಸಿಂಧುದಾಗ ಅರ್ಜಿ ಹಾಕಿದೆ, ಅವ್ವನ ಅಡ್ಡಹೆಸರು ಮೂರು ಸಲ ನೋಡೇನಿ. ಇದನ್ನೆಲ್ಲಾ ಅವ್ವಗ ಓದಿ ಹೇಳಿದೆ. ಬಿಪಿದು ಕಿವಿಗೆ ಹಾಕ್ಕೊಳ್ಳಲಿಲ್ಲ. "ಆ ರಾಣೆಬೆನ್ನೂರಾಕಿ ಪಾಪ ಬೂಧಿಯೊಳಗ ಮೂರು ದಿನ ಏನ ಮಾಡಿದ್ಲಂತ, ಕೇಳು" ಅಂತ ಕುಂತಾಳ.

ರಾಣೆಬೆನ್ನೂರು ಮೆಣಸಿನಕಾಯಿ:
ಮೊದಲನೇ ದಿನ ಅತ್ಳು. ಎರಡನೇ ದಿನ ಆ ಮನಿಯಾಕಿ ಕೂಡ ಅಂಗಳದಾಗ ಕುಂತು ರಾಜ್ಮಾ ಆರಿಸಿದ್ಲು, ಇಬ್ಬರಿಗೂ ಭಾಷಾ ಬರಂಗಿಲ್ಲ, ದಿನಾ ಪೂರ್ತಿ ಮಾತಾಡಿದ್ರು. ಮೂರನೇ ದಿನ ಅವರಿಗೆ ನಮ್ಮ ಶೇಂಗಾ ಚಟ್ನಿ ಕೊಟ್ಟು, ಎರಡು ಕಿಲೋ ರಾಜ್ಮಾ ಕಟ್ಟಿಸಿಕೊಂಡ ಬಂದಾಳ. ಇನ್ನೂ ಡಬ್ಬಿಯೊಳಗ ಅರ್ಧ ಐತಿ.