ಸಹಾಯ ಬೇಕು: ಬಿಸಿಯಾದ ಮೇಲೆ ಬಿಡದ ಮುಂದಿನ ಬ್ರೇಕ್

ಹಳೆಯ ಡರ್ಟ್ ಬೈಕ್ ಒಂದನ್ನು ಮತ್ತೆ ಓಡುವಂತೆ ಮಾಡುತ್ತಿದ್ದೇನೆ. ಎಂಜಿನ್ ಮಾತು ಕೇಳಿತು, ಮುಂದಿನ ಡಿಸ್ಕ್ ಬ್ರೇಕ್ ಮಾತ್ರ ಕೇಳುತ್ತಿಲ್ಲ. ತಣ್ಣಗಿರುವಾಗ ಚಕ್ರ ಸಲೀಸಾಗಿ ಸುತ್ತುತ್ತದೆ. ಹತ್ತು ನಿಮಿಷ ಓಡಿಸಿ ನಾಲ್ಕಾರು ಬಾರಿ ಬ್ರೇಕ್ ಹಿಡಿದರೆ ಪ್ಯಾಡ್‌ಗಳು ಡಿಸ್ಕನ್ನು ಕಚ್ಚಿಕೊಂಡೇ ಉಳಿಯುತ್ತವೆ. ಲಿವರ್ ಕಲ್ಲಿನಷ್ಟು ಗಟ್ಟಿ, ಡಿಸ್ಕ್ ಕೆಂಡದಷ್ಟು ಬಿಸಿ (ಮುಟ್ಟಿ ನೋಡಿದ್ದೇನೆ, ನೀವು ಮುಟ್ಟಬೇಡಿ). ಅರ್ಧ ಗಂಟೆ ನಿಲ್ಲಿಸಿದರೆ ತಾನಾಗಿಯೇ ಬಿಡುತ್ತದೆ.

ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿ ಪಿಸ್ಟನ್ ಉಜ್ಜಿದೆ, ಸೀಲ್ ಕೂರುವ ತೋಡಿನಲ್ಲಿ ಗಟ್ಟಿಕಟ್ಟಿದ್ದ ಬಿಳಿ ಪುಡಿಯನ್ನು ಕೆರೆದು ತೆಗೆದೆ, ಹೊಸ ಸೀಲ್ ಹಾಕಿದೆ. ಸ್ಲೈಡ್ ಪಿನ್‌ಗಳಿಗೆ ಗ್ರೀಸ್, ಹೊಸ ಡಾಟ್ 4 ಬ್ರೇಕ್ ದ್ರವ ಎಲ್ಲವೂ ಆಯಿತು. ಪಿಸ್ಟನ್ ಈಗ ಬೆರಳಿನಿಂದ ಒತ್ತಿದರೂ ಒಳಗೆ ಹೋಗುತ್ತದೆ. ಆದರೂ ಅದೇ ಕಥೆ.

ನಿನ್ನೆ ಬ್ರೇಕ್ ಕಚ್ಚಿಕೊಂಡಿದ್ದಾಗಲೇ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ದ್ರವ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿದೆ. ದ್ರವ ಚಿಮ್ಮಿತು, ಚಕ್ರ ತಕ್ಷಣ ಬಿಟ್ಟಿತು. ಅಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ, ಕ್ಯಾಲಿಪರ್ ತಪ್ಪಿಲ್ಲ. ಇಲ್ಲಿಂದ ಮುಂದೆ ನನಗೆ ದಾರಿ ತೋಚುತ್ತಿಲ್ಲ. ಲಿವರ್ ಬಳಿ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರ್‌ನಲ್ಲಿ ದ್ರವ ತೊಟ್ಟಿಗೆ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿರಬಹುದು ಎಂದುಕೊಂಡು ತೆಳು ತಂತಿ ಹಾಯಿಸಿದೆ. ತಣ್ಣಗಿರುವಾಗ ಲಿವರ್ ಒತ್ತಿದರೆ ತೊಟ್ಟಿಯಲ್ಲಿ ದ್ರವ ಪುಟಿಯುತ್ತದೆ (ರಂಧ್ರ ತೆರೆದಿರುವ ಲಕ್ಷಣ), ಲಿವರ್‌ಗೆ ಸ್ವಲ್ಪ ಸಡಿಲವೂ ಇದೆ. ಇನ್ನುಳಿದದ್ದು ಅಲ್ಲಿಂದ ಕ್ಯಾಲಿಪರ್‌ಗೆ ದ್ರವ ಒಯ್ಯುವ ಹಳೆಯ ರಬ್ಬರ್ ಹೋಸ್. ಹೊರಗೆ ಒಂದು ಬಿರುಕೂ ಇಲ್ಲ, ಒಳಪದರ ಊದಿಕೊಂಡಿದ್ದರೆ ಕಾಣುವುದಾದರೂ ಹೇಗೆ?

ನನ್ನ ಪ್ರಶ್ನೆ ಇಷ್ಟೇ: ಮುಂದಿನ ಬಾರಿ ಬ್ರೇಕ್ ಕಚ್ಚಿಕೊಂಡಾಗ ಮಾಸ್ಟರ್ ಸಿಲಿಂಡರ್ ಬಳಿಯ ಹೋಸ್ ಬೋಲ್ಟ್ ಸಡಿಲಿಸಿದರೆ, ಚಕ್ರ ಬಿಟ್ಟರೆ ತಪ್ಪು ಸಿಲಿಂಡರ್‌ನದು, ಬಿಡದಿದ್ದರೆ ಹೋಸ್‌ನದು ಎಂದು ಖಚಿತವಾಗಿ ಹೇಳಬಹುದೇ?