ಸಹಾಯ ಬೇಕು: ಗಂಗಾವತಿ ಹತ್ತಿರ ಹಳೆ ಯೆಜ್ಡಿ ಬೈಕ್ ಸಿಕ್ಕಿದೆ, ಕೊಳ್ಳಬಹುದಾ?

ಅಣ್ಣಂದಿರೇ, ಗಂಗಾವತಿ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಮಾರಾಟಕ್ಕಿದೆ. ಮೈಸೂರಿನಲ್ಲಿ ತಯಾರಾದ ಗಾಡಿ, ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಎಂಟು ವರ್ಷದಿಂದ ಭತ್ತದ ಚೀಲಗಳ ಹಿಂದೆ ನಿಂತಿದೆಯಂತೆ. ನಮ್ಮಪ್ಪ ಇಂಥದ್ದೇ ಗಾಡಿಯ ಟ್ಯಾಂಕ್ ಮೇಲೆ ನನ್ನನ್ನು ಕೂರಿಸಿಕೊಂಡು ಹುಲಿಗಿ ಜಾತ್ರೆಗೆ ಹೋಗುತ್ತಿದ್ದರು. ಬಿಡಲು ಮನಸ್ಸಾಗುತ್ತಿಲ್ಲ.

ನಿನ್ನೆ ನೋಡಿ ಬಂದೆ. ಇಂಜಿನ್ ಜಾಮ್ ಆಗಿಲ್ಲ. ಆದರೆ ಕಿಕ್ ತೀರಾ ಹಗುರ, ಕಾಲಿಗೆ ಎದುರು ಒತ್ತಡವೇ ಸಿಗಲ್ಲ. ಟ್ಯಾಂಕ್ ಒಳಗೆ ಟಾರ್ಚ್ ಬಿಟ್ಟರೆ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಎದ್ದಿದೆ. ಬರೀ ಪಿಸ್ಟನ್ ರಿಂಗ್ ಸವೆದಿರಬಹುದಾ, ಕ್ರ್ಯಾಂಕ್ ಆಯಿಲ್ ಸೀಲೂ (ಇಂಜಿನ್ ಒಳಗೆ ತಿರುಗುವ ದಂಡದ ಬದಿಯಿಂದ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ಹೋಗಿರುತ್ತಾ? ಟೂ ಸ್ಟ್ರೋಕ್ ಅಲ್ವಾ, ಒಣಗಿದ ಸೀಲ್‌ನಿಂದ ಗಾಳಿ ಎಳೆದು ಪಿಸ್ಟನ್ ಸುಟ್ಟೀತು ಅನ್ನೋದೇ ನನ್ನ ಭಯ. ಇಂಜಿನ್ ಬಿಚ್ಚದೆ ತಿಳಿಯುವ ದಾರಿ ಇದೆಯಾ?

ಇಂಜಿನ್ ನಂಬರ್ ಆರ್‌ಸಿಗೆ ಸರಿಹೊಂದುತ್ತೆ. ಚಾಸಿಸ್ ನಂಬರ್ ಮೇಲೆ ಮಾತ್ರ ದಪ್ಪಗೆ ಬಣ್ಣ ಬಳಿದಿದ್ದಾರೆ, ಓದೋಕಾಗಲ್ಲ. ಆರ್‌ಸಿ ತೀರಿಹೋದ ಯಜಮಾನರ ಹೆಸರಲ್ಲೇ ಇದೆ. ಮೊದಲು ಅವರ ಮಗನ ಹೆಸರಿಗೆ ಮಾಡಿಸಿಕೊಡಿ ಅಂದಿದ್ದೇನೆ. 40 ಸಾವಿರ ಕೇಳುತ್ತಿದ್ದಾರೆ. ಜಾಸ್ತಿ ಅನ್ನಿಸುತ್ತೆ.

ಭಾನುವಾರ ಮತ್ತೆ ಹೋಗುತ್ತೇನೆ. ಕೊಪ್ಪಳ, ಹೊಸಪೇಟೆ ಕಡೆ ಯೆಜ್ಡಿ ಕೆಲಸ ಬಲ್ಲ ಹಳೆ ಮೆಕ್ಯಾನಿಕ್ ಇದ್ದರೆ ತಿಳಿಸಿ, ಜೊತೆಗೆ ಕರೆದುಕೊಂಡು ಹೋಗುತ್ತೇನೆ.