ಕಾಲಿನ ನರ ಉಬ್ಬಿದೆ: ಯಾವಾಗ ಡಾಕ್ಟರ ಹತ್ತಿರ ಹೋಗಲೇಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 58 ವರ್ಷ, ಶುಗರ್ ಇದೆ. ಎರಡೂ ಕಾಲಲ್ಲಿ ನರ ಉಬ್ಬಿ ಇಪ್ಪತ್ತು ವರ್ಷ ಆಯ್ತು. ಬಲಗಾಲಲ್ಲಿ ಹಗ್ಗದಷ್ಟು ದಪ್ಪ, ನೋಡಿದರೇ ಹೆದರಿಕೆಯಾಗುತ್ತದೆ. ಎಡಗಾಲಲ್ಲಿ ಅಷ್ಟಿಲ್ಲ. ಆದರೆ ಆರು ತಿಂಗಳಿಂದ ಎಡ ಪಾದದ ಗಂಟಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿದೆ, ತುರಿಕೆ ಬೇರೆ. ಮುಲಾಮು ಹಚ್ಚುತ್ತಿದ್ದಾರೆ. ಬಲಗಾಲಿಗೆ ಆಪರೇಷನ್ ಬೇಕಾಗಬಹುದಾ?

ಡಾಕ್ಟರ್: ನನಗೆ ಚಿಂತೆ ಇರುವುದು ಎಡಗಾಲಿನದ್ದು. ತುಂಬಾ ಜನ ನರದ ದಪ್ಪ ನೋಡಿ ಅಳೆಯುತ್ತಾರೆ. ನೋಡಬೇಕಾದ್ದು ಪಾದದ ಗಂಟಿನ ಸುತ್ತಲಿನ ಚರ್ಮವನ್ನು.

ನಾವು ನರ ಅಂತ ಕರೆಯುವ ಇದು ರಕ್ತನಾಳ. ಕಾಲಿನ ರಕ್ತವನ್ನು ಮೇಲೆ, ಹೃದಯಕ್ಕೆ ಒಯ್ಯುವುದು ಇದರ ಕೆಲಸ. ಹತ್ತಿದ ರಕ್ತ ಕೆಳಗೆ ಜಾರದಂತೆ ಒಳಗೆ ಪುಟ್ಟ ಕವಾಟಗಳಿರುತ್ತವೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ, ಒತ್ತಡ ಏರುತ್ತದೆ. ಆ ಒತ್ತಡ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಪಾದದ ಗಂಟಿನ ಹತ್ತಿರ. ಕೆಂಪು ರಕ್ತಕಣಗಳು ಸೋರಿ ಚರ್ಮದೊಳಗೆ ಸೇರುತ್ತವೆ. ಅವುಗಳಲ್ಲಿನ ಕಬ್ಬಿಣದ ಅಂಶವೇ ಕಲೆಯಾಗಿ ಉಳಿಯುತ್ತದೆ. ಮುಲಾಮು ತುರಿಕೆಯನ್ನು ಸ್ವಲ್ಪ ತಗ್ಗಿಸಬಹುದು, ಒಳಗಿನ ಒತ್ತಡವನ್ನಲ್ಲ.

ನಾವು ಈ ಕಾಯಿಲೆಯನ್ನು 0ರಿಂದ 6ರವರೆಗೆ ಹಂತ ಮಾಡಿ ನೋಡುತ್ತೇವೆ. ಬರೀ ಉಬ್ಬಿದ ನರ 2, ಊತ 3, ಚರ್ಮ ಬದಲಾದರೆ 4. ಹುಣ್ಣಾಗಿ ಮಾಯ್ದಿದ್ದರೆ 5, ಮಾಯದ ಹುಣ್ಣಿದ್ದರೆ 6. ನೀವು ಹೇಳಿದ್ದನ್ನು ಕೇಳಿದರೆ ಅಮ್ಮನ ಬಲಗಾಲು 2, ಎಡಗಾಲು ಆಗಲೇ 4 ಅನಿಸುತ್ತದೆ. ತುರಿಸಿ ತುರಿಸಿ ಅಲ್ಲಿ ಸಣ್ಣ ಗಾಯವಾದರೂ ತಿಂಗಳುಗಟ್ಟಲೆ ಮಾಯದಿರಬಹುದು. ಅದಕ್ಕೆ ಮೊದಲೇ ರಕ್ತನಾಳದ ತಜ್ಞರಿಗೆ ತೋರಿಸಿ, ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಯಾವ ನಾಳದ ಕವಾಟ ಕೆಟ್ಟಿದೆ ಅಂತ ಅದರಲ್ಲಿ ಕಾಣುತ್ತದೆ. ಕೆಟ್ಟ ನಾಳವನ್ನು ಲೇಸರ್‌ನಿಂದ ಮುಚ್ಚಲೂಬಹುದು, ದೊಡ್ಡ ಆಪರೇಷನ್ನೇ ಆಗಬೇಕು ಅಂತೇನಿಲ್ಲ.

ಪ್ರಶ್ನೆ ಕೇಳಿದವರು: ಅಲ್ಲಿಯವರೆಗೆ ಬಿಗಿ ಸ್ಟಾಕಿಂಗ್ಸ್ ಹಾಕಿಸಲಾ?

ಡಾಕ್ಟರ್: ಸುಮ್ನೆ ತಂದು ಹಾಕಬೇಡಿ. ಶುಗರ್ ಇರುವವರಿಗೆ ಕಾಲಿಗೆ ರಕ್ತ ತರುವ ನಾಳಗಳೂ ಕಿರಿದಾಗಿರಬಹುದು. ಅಂಥ ಕಾಲಿಗೆ ಬಿಗಿ ಹಾಕಿದರೆ ಇನ್ನಷ್ಟು ಹಾನಿ. ಮೊದಲು ಪಾದದ ರಕ್ತದ ಹರಿವನ್ನು ಪರೀಕ್ಷೆ ಮಾಡಿಸಿ. ಈಗಿನಿಂದಲೇ ಮಾಡಬಹುದಾದ್ದು ನಡಿಗೆ. ಮೀನಖಂಡ ಹಿಂಡಿದಾಗೆಲ್ಲ ರಕ್ತ ಮೇಲೆ ಹೋಗುತ್ತದೆ.

ಇನ್ನೊಬ್ಬ ಸದಸ್ಯರು: ನಂಗೆ ಮೊನ್ನೆಯಿಂದ ಉಬ್ಬಿದ ನರವೇ ಗಟ್ಟಿಯಾಗಿ, ಕೆಂಪಾಗಿ ನೋಯುತ್ತಿದೆ. ಕಾಯಬಹುದಾ?

ಡಾಕ್ಟರ್: ಬೇಡ, ಇವತ್ತೇ ತೋರಿಸಿ. ಅದರೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮೇಲಿನ ನಾಳದಲ್ಲೇ ಇದ್ದರೆ ಸಾಮಾನ್ಯವಾಗಿ ಅಷ್ಟು ಅಪಾಯವಿಲ್ಲ, ಆದರೆ ತೊಡೆಸಂದಿನ ಕಡೆಗೆ ಏರಿದರೆ ಆಳದ ನಾಳಕ್ಕೆ ಸೇರಬಹುದು. ಎಲ್ಲಿಯವರೆಗೆ ಇದೆ ಅಂತ ಸ್ಕ್ಯಾನ್‌ನಲ್ಲೇ ನೋಡಬೇಕು. ಉಜ್ಜಬೇಡಿ, ಮಸಾಜ್ ಬೇಡ. ಒಂದೇ ಕಾಲು ಇದ್ದಕ್ಕಿದ್ದಂತೆ ಪೂರ್ತಿ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ನೇರ ತುರ್ತು ಚಿಕಿತ್ಸೆಗೆ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ಮತ್ತೊಬ್ಬರು: ಅಜ್ಜಿಗೆ ಸ್ನಾನ ಮಾಡುವಾಗ ನರ ಒಡೆದು ರಕ್ತ ಚಿಮ್ಮಿತು. ನಮಗೆ ಕೈಕಾಲೇ ಆಡಲಿಲ್ಲ.

ಡಾಕ್ಟರ್: ಗಾಬರಿಯಾಗುವುದು ಸಹಜ. ಆದರೆ ಮಾಡಬೇಕಾದ್ದು ತುಂಬಾ ಸರಳ, ಮನೆಯವರಿಗೆಲ್ಲ ಹೇಳಿಕೊಡಿ. ಅಜ್ಜಿಯನ್ನು ತಕ್ಷಣ ಮಲಗಿಸಿ, ಕಾಲನ್ನು ಎದೆಗಿಂತ ಮೇಲಕ್ಕೆ ಎತ್ತಿ ಹಿಡಿಯಿರಿ, ಶುದ್ಧ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿ. 10 ನಿಮಿಷ ತೆಗೆದು ನೋಡಬೇಡಿ. ನಿಲ್ಲಿಸಿಕೊಂಡು ಅಥವಾ ಕೂರಿಸಿಕೊಂಡು ಒತ್ತಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಮೇಲೆ ಹಗ್ಗ ಬಿಗಿದು ಕಟ್ಟಬೇಡಿ, ಅದರಿಂದ ಇನ್ನೂ ಜಾಸ್ತಿಯಾಗಬಹುದು. ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ. ನಿಂತರೂ ಅದೇ ದಿನ ಡಾಕ್ಟರಿಗೆ ತೋರಿಸಿ, ಯಾಕಂದ್ರೆ ಒಮ್ಮೆ ಒಡೆದ ಜಾಗ ಮತ್ತೆ ಒಡೆಯಬಹುದು.